ಗಿರಣಿ ಗೋಡೆಯ ಆಚೆ

ಹೊನ್ನೂರಮ್ಮ ಬಲಗಿವಿಯನ್ನು ಗಿರಣಿಯ ಗೋಡೆಗೆ ಒತ್ತಿ, ಎಡಗಿವಿಗೆ ಬೆರಳು ತುರುಕಿಕೊಂಡು ನಿಂತಳು. ಮೂರು ಹೆಜ್ಜೆ ಸರಿದು ಮತ್ತೆ ಒತ್ತಿದಳು. ಒಳಗೆ ಯಾರದೋ ಜೋಳ ಹಿಟ್ಟಾಗುತ್ತಿತ್ತು. ಮೂರನೆಯ ಸಲ ಕಿವಿಯ ಗೊಡವೆ ಬಿಟ್ಟು ಗಲ್ಲವನ್ನೇ ಗೋಡೆಗೆ ಆನಿಸಿದಳು. ಬಾಯೊಳಗೆ ಹಲ್ಲುಗಳು ಜುಮ್ಮೆಂದವು.

ಹಿಟ್ಟು ಹಾಕಿಸಲು ಬಂದು ಡಬ್ಬದ ಸಾಲಿನಲ್ಲಿ ಕೂತಿದ್ದ ಬೋರಣ್ಣ ಬೀಡಿ ಕೈಗೆ ತೆಗೆದುಕೊಂಡು, "ಗೋಡೆ ಏನಂತೈತವ್ವ? ಅದಕ್ಕೂ ಅತ್ತೆ ಕಾಟವಂತಾ?" ಅಂದ. ಸಾಲಿನಲ್ಲಿದ್ದವರು ನಕ್ಕರು. ಹೊನ್ನೂರಮ್ಮ ನಗಲಿಲ್ಲ. ಹಲ್ಲು ಯಾಕೆ ಜುಮ್ಮೆಂದಿತು ಎಂಬುದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ನ್ಯಾಮತಿಯಲ್ಲಿ ಗಿರಣಿಯ ಯಜಮಾನ ಮುರುಗೇಶಪ್ಪನವರು ಡೀಸೆಲ್ ಎಂಜಿನ್ ಕಿತ್ತು ಕರೆಂಟಿನ ಮೋಟರು ಹಾಕಿಸಿ ಆಗ ಎರಡು ವರ್ಷ. ಗಿರಣಿಯ ಬಾಯಿಗೆ ಕಾಳು ಸುರಿಯುವುದು, ಹಿಟ್ಟು ಡಬ್ಬಕ್ಕೆ ತುಂಬಿಕೊಡುವುದು ಹೊನ್ನೂರಮ್ಮನ ಕೆಲಸ. ಹೆತ್ತು ಎರಡು ತಿಂಗಳಿಗೆ ಕೂಸನ್ನು ಕಟ್ಟಿಕೊಂಡೇ ಕೆಲಸಕ್ಕೆ ಬಂದಳು. ಒಳಗೆ ಮೂಲೆಯಲ್ಲಿ, ಮಾಡಿನ ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸಿದಳು. ಎದುರಿಗೆ ನಿಂತವರ ಮಾತು ಕೇಳದಷ್ಟು ಸದ್ದಿನ ನಡುವೆ ಅದು ಹೊತ್ತುಗಟ್ಟಲೆ ನಿದ್ದೆ ಹೊಡೆಯುತ್ತಿತ್ತು. ಮೋಟರು ನಿಂತಿತೋ, ಪಟ್ಟನೆ ಕಣ್ಣು ಬಿಡುತ್ತಿತ್ತು. ಇದು ಉಚ್ಚಂಗೆಪ್ಪನ ಮಗಳಲ್ಲ, ಮೋಟರಿನ ಮಗಳು ಎಂದು ಜನ ಅವಳ ಗಂಡನನ್ನು ಛೇಡಿಸುತ್ತಿದ್ದರು.

ಕೂಸಿಗೆ ಐದು ತಿಂಗಳು ತುಂಬಿದ ವಾರ ನರ್ಸು ಅನ್ನಪೂರ್ಣಮ್ಮ ಬಂದರು. ಕೂಸಿನ ರೆಪ್ಪೆಯ ಮೇಲೆ ಕೂತಿದ್ದ ಹಿಟ್ಟನ್ನು ಬೆರಳಲ್ಲಿ ಒರೆಸಿ ಹೊನ್ನೂರಮ್ಮನಿಗೇ ತೋರಿಸಿದರು. ಎದೆಗೆ ಕಿವಿಯಿಟ್ಟು ಕೇಳಿ, ಒಳಗೆ ಗೊರಗೊರ ಅಂತಿದೆ, ಈ ಧೂಳಿನಲ್ಲಿ ಇನ್ನೊಂದು ದಿನವೂ ಮಲಗಿಸಬೇಡ, ಗಾಳಿಯಾಡುವ ಕಡೆ, ಮೂಗು ಬಾಯಿಗೆ ಬಟ್ಟೆ ಬೀಳದಂತೆ ಮಲಗಿಸು ಎಂದು ಹೇಳಿ ಹೋದರು.

ಮನೆಯಲ್ಲಿ ಕೂಸು ಮಲಗಲಿಲ್ಲ. ಒಂದು ದಿನವಲ್ಲ, ನಾಲ್ಕು ದಿನ. ಅತ್ತೆ ಗಿಡ್ಡಮ್ಮ ಹೆಗಲ ಮೇಲೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೂ ಅಂಗಳ ಅಳೆದಳು. ಮಂಡಿ ಹಿಡಿದುಕೊಂಡವು. ನಾಲ್ಕನೆಯ ಸಂಜೆ ಪೆಟ್ಟಿಗೆಯ ತಳದಿಂದ ಸುಣ್ಣದ ಡಬ್ಬಿಯಷ್ಟು ಚಿಕ್ಕ ತಗಡಿನ ಡಬ್ಬಿಯೊಂದನ್ನು ತೆಗೆದಳು. ಒಳಗೆ ಕಪ್ಪಗೆ ಅಂಟಂಟಾಗಿ ಅಫೀಮು.

"ಸಾಸಿವೆ ಕಾಳಿನಷ್ಟು ನಾಲಿಗೆಗೆ ಸವರಿದರೆ ಹೊತ್ತು ಮುಳುಗೋ ತನಕ ಮಿಸುಕಲ್ಲ. ಕಳೆ ತೆಗೆಯಾಕೆ ಹೋಗುವಾಗ ನಾಲ್ಕೂ ಮಕ್ಕಳಿಗೆ ಹಾಕೀನಿ."

ಉಚ್ಚಂಗೆಪ್ಪ, ಅವನ ಇಬ್ಬರು ಅಕ್ಕಂದಿರು. ಹೊನ್ನೂರಮ್ಮ ಎಣಿಸಿದಳು. ಸುಮ್ಮನಿರುವುದು ಅವಳ ಜಾಯಮಾನವಲ್ಲ. ಮೂರಲ್ಲವಾ ಅತ್ತೆ ಎಂದು ಕೇಳಿದಳು.

"ಒಂದು ಹೋತು."

"ಹೆಂಗೆ?"

"ನಿದ್ದೇಲಿ. ನೋವು ಪಾವು ಏನೂ ತಿನ್ನಲಿಲ್ಲ, ಮಲಗಿದ್ದಂಗೇ ಹೋತು" ಎಂದು ಗಿಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನ ತುದಿಗೆ ಡಬ್ಬಿಯನ್ನು ಗಂಟು ಹಾಕಿಕೊಂಡಳು. ಡಬ್ಬಿಯ ಮಾತು, ಸತ್ತ ಮಗುವಿನ ಮಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು. ಎರಡನ್ನೂ ಜೋಡಿಸಿ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹೊನ್ನೂರಮ್ಮ ನೋಡಿದಳು.

ಎರಡು ದಿನ ಕೊಡಿ ಅಂದಳು. ಕೂಸು ಗಿರಣಿಯಲ್ಲಿ ಯಾಕೆ ಮಲಗುತ್ತೆ ಅಂತ ಹುಡುಕ್ತೀನಿ, ಸಿಕ್ಕದಿದ್ದರೆ ಆಮೇಲೆ ನೋಡಣ.

ಸದ್ದಿಗೋ? ಉಚ್ಚಂಗೆಪ್ಪನನ್ನು ಕೂರಿಸಿ ಬೀಸುವ ಕಲ್ಲನ್ನು ಗರಗರ ತಿರುಗಿಸಲು ಹಚ್ಚಿದಳು. ಗಂಡಸು ಬೀಸುವುದನ್ನು ನೋಡಲು ಪಕ್ಕದ ಮನೆಯವರು ಬಂದರು. ಕೂಸೂ ಕಣ್ಣರಳಿಸಿ ನೋಡಿತು, ಮಲಗಲಿಲ್ಲ. ವಾಸನೆಗೋ? ಹಸಿ ಹಿಟ್ಟಿನ ಘಮ ಹಿಡಿದ ತನ್ನ ಸೀರೆಯನ್ನು ಕೊಡವಿ ಹಾಸಿದಳು. ಅದನ್ನು ಚೀಪಿತು. ಸೆಕೆಗೋ? ಒಲೆಯ ಹಿಂದಿನ ಗೋಡೆಯ ಪಕ್ಕ ಮಲಗಿಸಿದಳು. ಕೆಂಪಗಾಗಿ ಕಿರುಚಿತು. ಒಂದೊಂದೇ ಉದುರಿ ಹೋಗಿ, ಉಳಿದದ್ದು ಏನು ಎಂದು ತಿಳಿಯದೆ ಮರುದಿನ ಗಿರಣಿಯ ಗೋಡೆಗೆ ಕಿವಿ ಕೊಟ್ಟು ನಿಂತದ್ದು.

ಹಲ್ಲು ಜುಮ್ಮೆಂದದ್ದು ಸದ್ದಿಗಲ್ಲ. ಒಳಗೆ ಓಡಿ, ಜೋಲಿ ಕಟ್ಟಿದ್ದ ಹಗ್ಗವನ್ನು ಹಿಡಿದಳು. ಖಾಲಿ ಜೋಲಿಯ ಹಗ್ಗ ಅಂಗೈಯೊಳಗೆ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಗಿರಣಿಯ ಅದುರು ನೆಲದಿಂದ ಗೋಡೆಗೆ, ಗೋಡೆಯಿಂದ ತೊಲೆಗೆ, ತೊಲೆಯಿಂದ ಹಗ್ಗಕ್ಕೆ ಇಳಿದು ಕೂಸಿನ ಬೆನ್ನು ತಟ್ಟುತ್ತಿತ್ತು. ತೊಲೆ ಎಲ್ಲಿಗೆ ಹೋಗುತ್ತದೆ ಎಂದು ಕತ್ತೆತ್ತಿ ನೋಡಿದಳು. ಅದು ಗೋಡೆಯನ್ನು ತೂರಿಕೊಂಡು ಆಚೆ ಹೋಗಿತ್ತು.

ಆಚೆ ಮುರುಗೇಶಪ್ಪನವರ ಗಾಡಿ ನಿಲ್ಲಿಸುವ ತಗಡಿನ ಚಪ್ಪರ. ಮೂರು ಕಡೆ ಬಯಲು, ಹೊಂಗೆಯ ನೆರಳು. ಧೂಳು ಬರಲು ಗೋಡೆಯಲ್ಲಿ ಒಂದು ಕಿಂಡಿಯೂ ಇಲ್ಲ. ಅದೇ ತೊಲೆಯ ಇನ್ನೊಂದು ತುದಿ ಆ ಚಪ್ಪರವನ್ನು ಹೊತ್ತು ನಿಂತಿತ್ತು.

ಮುರುಗೇಶಪ್ಪನವರು ಕಥೆಯನ್ನೆಲ್ಲ ಕೇಳಿ, ತಾವೇ ಹೋಗಿ ತೊಲೆಯ ಮೇಲೆ ಕೈಯಿಟ್ಟು ನೋಡಿ, "ನನ್ನ ಗಿರಣಿ ಹಿಟ್ಟಷ್ಟೇ ಬೀಸ್ತೈತೆ ಅಂದ್ಕೊಂಡಿದ್ದೆನಲ್ಲೇ" ಎಂದು ಗಾಡಿಯನ್ನು ಹೊರಗೆ ತಳ್ಳಿಸಿದರು. ಉಚ್ಚಂಗೆಪ್ಪ ಹೊಸ ಹಗ್ಗ ಬಿಗಿದು, ಮೊದಲು ಅರ್ಧ ಚೀಲ ಜೋಳ ನೇತುಹಾಕಿ, ಆಮೇಲೆ ತಾನೇ ಜೋತುಬಿದ್ದು ಪರೀಕ್ಷೆ ಮಾಡಿದ. ಹೊನ್ನೂರಮ್ಮ ಜೋಲಿಯನ್ನು ನೆಲದಿಂದ ಮೊಳದೆತ್ತರಕ್ಕೆ ಇಳಿಸಿ, ಬಟ್ಟೆ ಮುಖಕ್ಕೆ ಮುಚ್ಚಿಕೊಳ್ಳದಂತೆ ಎರಡು ಅಂಚುಗಳ ನಡುವೆ ಕೋಲು ಸಿಕ್ಕಿಸಿ ಅಗಲ ಮಾಡಿದಳು. ಗಿಡ್ಡಮ್ಮ ಮನೆಯಿಂದ ಎತ್ತಿಕೊಂಡು ಬಂದ ಕೂಸನ್ನು ಮಲಗಿಸಿ ಅದರ ಪಾಡಿಗೆ ಬಿಟ್ಟಳು.

ಕೂಸು ಕಾಲು ಝಾಡಿಸಿತು. ಮೇಲೆ ನೋಡಿತು. ಆಕಳಿಸಿತು.

ಬೋರಣ್ಣ ಡಬ್ಬ ಬಿಟ್ಟು ಬಂದು ತೊಲೆ ಮುಟ್ಟಿದ. ಅವನ ಹಿಂದೆ ಸಾಲೆಲ್ಲ ಬಂದು ಒಬ್ಬೊಬ್ಬರಾಗಿ ಮುಟ್ಟಿ ನೋಡಿ, ಹೌದಲ್ಲ ಎಂದು ಪಿಸುಗುಟ್ಟಿ ಹೋಯಿತು. ಗಿಡ್ಡಮ್ಮ ಮಾತ್ರ ಮುಟ್ಟಲಿಲ್ಲ. ಜೋಲಿಯ ಪಕ್ಕ ಕೂತು ಮಂಡಿ ನೀವಿಕೊಳ್ಳುತ್ತ, ಮೊಮ್ಮಗಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು.

ಅರ್ಧ ಗಂಟೆಯಾಗಿರಬಹುದು, ಕರೆಂಟು ಹೋಯಿತು. ಒಳಗೆ ಮೋಟರಿನ ಪಟ್ಟೆ ಎಳೆದೆಳೆದು ತಿರುಗಿ ನಿಂತಿತು. ತೊಲೆ ಬರೀ ಮರವಾಯಿತು. ಕೂಸು ಪಟ್ಟನೆ ಕಣ್ಣು ಬಿಟ್ಟು, ಯಾರೋ ಎದ್ದು ಹೋದ ಕಡೆ ನೋಡುವಂತೆ ಮೇಲಕ್ಕೆ ನೋಡಿ, ತುಟಿ ಹೊರಳಿಸಿತು.

ಗಿಡ್ಡಮ್ಮ ಸೆರಗಿನ ಗಂಟು ಬಿಚ್ಚಿದಳು. "ಕರೆಂಟು ನಂಬಿ ಕೂಸು ಸಾಕಾಕಾಗುತ್ತಾ? ಹಿಡಿ, ನಿನ್ನ ಕೈಯಾರೆ ಸವರು" ಎಂದು ಡಬ್ಬಿಯನ್ನು ಚಾಚಿದಳು.

ಹೊನ್ನೂರಮ್ಮ ಅತ್ತೆಗೂ ಜೋಲಿಗೂ ನಡುವೆ ಬಂದು ನಿಂತಳು.

"ಬ್ಯಾಡ."

"ಸಾಸಿವೆ ಕಾಳಿನಷ್ಟೇ ಕಣೆ."

"ಬ್ಯಾಡ ಅತ್ತೆ. ಎಚ್ಚರಾಗೇ ಇರ್ಲಿ."