ಬಾನೆಟ್ ಮುಚ್ಚುವ ಸದ್ದು

"ಇನ್ನೊಂದು ಸಲ ತಿರುಗಿಸು, ಅಕ್ಕ."

ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ ಮುಲುಗಿತು, ಹೊತ್ತಿಕೊಳ್ಳಲಿಲ್ಲ. ತಮ್ಮ ಬಿಚ್ಚಿ ಹಿಡಿದಿದ್ದ ಪ್ಲಗ್ಗಿನ ತುದಿಯಲ್ಲಿ ಕಿಡಿಯ ಸುಳಿವೇ ಇರಲಿಲ್ಲ.

ಮಧ್ಯಾಹ್ನದೊಳಗೆ ಲಾರಿ ಬರುವುದಿತ್ತು. ಹಳೆಯ ಕಾರುಗಳನ್ನು ಕೂಡಿಡುವ ಶೋಕಿದಾರನೊಬ್ಬನಿಗೆ ಗಾಡಿಯನ್ನು ಮಾರಿಯಾಗಿತ್ತು. ಅದು ಓಡಿದರೂ ಓಡದಿದ್ದರೂ ಅವನಿಗೆ ಸರಿಯೇ. ಅಕ್ಕನಿಗೆ ಹಾಗಲ್ಲ. ಗಂಡ ತೀರಿಕೊಂಡಂದಿನಿಂದ ಮೌನವಾಗಿದ್ದ ಆ ಎಂಜಿನ್ನಿನ ಸದ್ದನ್ನು, ಅದು ಹೋಗುವ ಮುನ್ನ, ಒಮ್ಮೆ ಕೇಳಬೇಕಿತ್ತು. ಅದಕ್ಕೆಂದೇ ತಮ್ಮನ ಗ್ಯಾರೇಜು ಮುಚ್ಚಿಸಿ ಅವನನ್ನು ಕರೆಸಿಕೊಂಡಿದ್ದಳು.

"ಭಾವ ನನ್ನನ್ನ ಇದರ ಹತ್ತಿರಕ್ಕೂ ಬಿಟ್ಕೊಳ್ತಿರಲಿಲ್ಲ. ಈಗ ಗಾಡೀನೂ ಅವರ ಕಡೇನೇ," ಎಂದು ತಮ್ಮ ಗೊಣಗಿದ.

"ನಿನ್ನ ಕೈಗುಣ ಅವರಿಗೆ ಗೊತ್ತಿತ್ತು ಬಿಡು. ನನ್ನ ಹೊಲಿಗೆ ಮಷಿನ್ ಬಿಚ್ಚಿ ಹೋದವನು ಇವತ್ತಿಗೂ ಜೋಡಿಸಿಲ್ಲ."

ಬ್ಯಾಟರಿ ಹೊಸದು. ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ತಂತಿಯ ತುದಿಯನ್ನು ಅವನು ಎಂಜಿನ್ನಿನ ಲೋಹದ ಸಮೀಪ ಹಿಡಿದ. ಅಕ್ಕ ಮತ್ತೆ ಕೀಲಿ ತಿರುಗಿಸಿದಳು. ಚಟ್! ನೀಲಿ ಕಿಡಿ ಹಾರಿತು.

"ಇಲ್ಲೀತನಕ ಬರ್ತಿದೆ. ಪ್ಲಗ್ಗಿಗೆ ಹೋಗೋ ದಾರೀಲಿ ಮಾಯ ಆಗ್ತಿದೆ."

ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದವನು ಹಾಗೆಯೇ ನಿಂತುಬಿಟ್ಟ. "ಅಕ್ಕ, ರೋಟರೇ ಇಲ್ಲ! ಹೆಬ್ಬೆರಳಷ್ಟು ಸಾಮಾನು, ಅದು ತಿರುಗಿದ್ರೇನೇ ಪ್ಲಗ್ಗಿಗೆ ಕಿಡಿ. ಯಾರೋ ಕದ್ದಿದ್ದಾರೆ. ಈಗ ಎಲ್ಲಿಂದ ತರಲಿ?"

ಅಕ್ಕ ಬಾನೆಟ್ಟನ್ನೇ ದಿಟ್ಟಿಸುತ್ತಿದ್ದಳು. "ಬಂದ ತಕ್ಷಣ ಒಳಗೆ ಬರ್ತಿರಲಿಲ್ಲ ಕಣೋ ಅವರು. ಬಾನೆಟ್ ಎತ್ತಿ, ಏನೋ ಮಾಡಿ, ಧಡ್ ಅಂತ ಮುಚ್ಚೋರು. ಆ ಸದ್ದು ಕೇಳಿದ ಮೇಲೇ ನಾನು ಕಾಫಿ ಬಿಸಿಗಿಡ್ತಿದ್ದೆ. ಮೊದಲೇ ಇಟ್ರೆ ಆರಿ ಹೋಗೋದು."

"ಕಳ್ಳರ ಭಯಕ್ಕೆ ರೋಟರ್ ಕಿತ್ತು ಜೇಬಿಗೆ ಹಾಕ್ಕೊಳ್ತಿದ್ರು!" ತಮ್ಮನ ಕಣ್ಣು ಅರಳಿತು. "ಕಡೇ ದಿನದ ಅಂಗಿ ಎಲ್ಲಿ?"

ಅಕ್ಕನ ಮುಖ ಬಿಳಿಚಿತು. ಆ ಸಂಜೆ ಬಾನೆಟ್ ಮುಚ್ಚಿ ಮೆಟ್ಟಿಲೇರುವಷ್ಟರಲ್ಲಿ ಅವರು ಕುಸಿದಿದ್ದರು. ಆಸ್ಪತ್ರೆಯವರು ಕಟ್ಟಿಕೊಟ್ಟ ಬಟ್ಟೆಯ ಚೀಲ ಬೀರುವಿನ ಮೇಲೆ ಹಾಗೆಯೇ ಇತ್ತು. ಗಂಟು ಬಿಚ್ಚಿದರೆ ಒಳಗಿನ ಅವರ ಮೈವಾಸನೆ ಗಾಳಿಪಾಲಾದೀತೆಂದು ಅವಳು ಮುಟ್ಟಿರಲಿಲ್ಲ.

"ಮನಸ್ಸಿಲ್ದಿದ್ರೆ ಬೇಡ, ಅಕ್ಕ."

ಬೀದಿಯ ತುದಿಯಲ್ಲಿ ಲಾರಿಯ ಹಾರನ್ ಮೊಳಗಿತು.

"ಅವನಿಗೆ ಸ್ವಲ್ಪ ಕಾಯೋಕೆ ಹೇಳು," ಎಂದವಳೇ ಒಳಗೆ ಹೋದಳು.

ಗಂಟು ಬಿಚ್ಚಿ ಅಂಗಿಯಲ್ಲಿ ಮುಖ ಹುದುಗಿಸಿದಳು. ಸೋಪು, ಪೆಟ್ರೋಲು, ಬೆವರು. ಎರಡನೆಯ ಉಸಿರಿಗೆ ಬರಿಯ ಬಟ್ಟೆ. ಜೇಬಿನಲ್ಲಿ, ಕರವಸ್ತ್ರದೊಳಗೆ, ರೋಟರ್ ಇತ್ತು.

ಎಲ್ಲವನ್ನೂ ಜೋಡಿಸಿದ ತಮ್ಮ ಕೀಲಿ ಚಾಚಿದ. "ನೀನೇ ಶುರು ಮಾಡು."

"ಬೇಡ. ನೀನು ಒಂದು ಸುತ್ತು ಹಾಕ್ಕೊಂಡು ಮನೆಗೆ ಬಾ. ನಾನು ಅಡುಗೆಮನೇಲಿ ಇರ್ತೀನಿ."

ಒಲೆಯ ಮುಂದೆ ನಿಂತು ಅವಳು ಆಲಿಸಿದಳು. ಎಂಜಿನ್ ಕೆಮ್ಮಿತು, ಹೊತ್ತಿಕೊಂಡಿತು, ದೂರವಾಯಿತು. ಬಹಳ ಹೊತ್ತಾದಂತೆನಿಸಿದ ಮೇಲೆ, ತಿರುವಿನಲ್ಲಿ ಗೇರ್ ಬದಲಾಯಿತು. ಗೇಟಿನ ಬಳಿ ಬಂತು. ಎಂಜಿನ್ ನಿಂತಿತು. ಕಾರಿನ ಬಾಗಿಲು ಮುಚ್ಚಿಕೊಂಡಿತು.

ಅವಳು ಉಸಿರು ಬಿಗಿಹಿಡಿದಳು. ಮುಂದಿನದನ್ನು ತಮ್ಮನಿಗೆ ಹೇಳಿರಲಿಲ್ಲ.

ಧಡ್!

ಅಕ್ಕ ಕಾಫಿ ಬಿಸಿಗಿಟ್ಟಳು.