ಇಪ್ಪತ್ತೊಂಬತ್ತನೇ ದಿನದ ಮೀನು

ತ್ಸೆಂಗ್ ಮೇಷ್ಟ್ರಿಗೆ ಲೆಕ್ಕ ಬರುತ್ತಿತ್ತು, ದಿನ ಎಣಿಸುವುದಕ್ಕೆ ಬರುತ್ತಿರಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಬೆನ್ನ ಹಿಂದೆ ಆಡಿಕೊಳ್ಳುವ ಚಾಳಿ ನನಗಿಲ್ಲ. ಮೇಷ್ಟ್ರನ್ನು ಅವರು, ಇವರು ಎಂದು ಮರ್ಯಾದೆ ಕೊಟ್ಟು ಹೇಳಬೇಕು, ಅದೂ ಗೊತ್ತು. ಆದರೆ ಆ ಮನುಷ್ಯನ ವಿಷಯಕ್ಕೆ ನನ್ನ ನಾಲಿಗೆ ಅಷ್ಟು ಬಗ್ಗುವುದಿಲ್ಲ.

ಅವನು ತೈವಾನಿನಿಂದ ನಮ್ಮ ಲಾನ್ಯು ದ್ವೀಪಕ್ಕೆ ಬಂದು ಎರಡು ವರ್ಷವಾಗಿತ್ತು. ಯಾವುದೋ ಪ್ರತಿಷ್ಠಾನದವರು ಕಳಿಸಿದ್ದರು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ಸಮುದಾಯ ಭವನದಲ್ಲಿ ಹದಿಮೂರು ಮಕ್ಕಳನ್ನು ಕೂರಿಸಿಕೊಂಡು ಗಣಿತ, ವಿಜ್ಞಾನ ಹೇಳಿಕೊಡುವುದು ಅವನ ಕೆಲಸ. ಮಕ್ಕಳಿಗೆ ಕೆಸುವಿನ ಗೆಡ್ಡೆ ಬೇಯಿಸಿ ಹಾಕುವುದು, ನೆಲ ಗುಡಿಸುವುದು, ಭವನದ ಬಾಗಿಲು ತೆಗೆಯುವುದು, ಮುಚ್ಚುವುದು ನನ್ನ ಕೆಲಸ. ನಮ್ಮಲ್ಲಿ ಚೊಚ್ಚಲ ಮಗು ಹುಟ್ಟಿದ ದಿನ ತಾಯಿಯ ಹೆಸರೂ ಹೊಸದಾಗುತ್ತದೆ. ಮಗ ಲಗಾರಾ ಹುಟ್ಟಿದಾಗಿನಿಂದ ನಾನು ಸಿನಾನ್ ಲಗಾರಾ, ಅಂದರೆ ಲಗಾರಾನ ತಾಯಿ. ಈ ಹೆಸರನ್ನು ಅವನಿಗೆ ಮೂರು ಸಲ ಹೇಳಿದೆ. ಎರಡು ವರ್ಷವೂ ಅವನು ನನ್ನನ್ನು ಕರೆದದ್ದು ಅಡುಗೆ ಆಂಟಿ ಎಂದೇ.

ನನ್ನ ಎರಡನೆಯವಳು ಲಿಮಾಯ್, ಹನ್ನೊಂದು ವರ್ಷ, ಆರನೇ ತರಗತಿ. ಅವಳಿಗೆ ಆ ಸಂಜೆಯ ತರಗತಿಯ ಹುಚ್ಚು ಹಿಡಿಯಿತು. ಕೆಸುವಿನ ಗದ್ದೆಗೆ ಕಳಿಸಿದರೆ ಕಳೆ ಕೀಳುವುದು ಬಿಟ್ಟು ನೀರಿನ ಆಳ ಅಳೆಯುತ್ತಾ ಕೂರುತ್ತಿದ್ದಳು. ಅಪ್ಪನ ದೋಣಿಯ ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು ಬೈಸಿಕೊಂಡಳು. ಶಾಲೆಯಲ್ಲಿ ಮೂಲೆ ಹಿಡಿದು ಕೂರುವ ಹುಡುಗಿ, ಆ ಭವನದಲ್ಲಿ ಮಾತ್ರ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು. ನನಗೆ ಅದು ಇಷ್ಟವಾಗಲಿಲ್ಲ. ಹೊರಗಿನವರು ಕೊಟ್ಟದ್ದನ್ನು ಹೊರಗಿನವರೇ ಒಂದು ದಿನ ಕಿತ್ತುಕೊಂಡು ಹೋಗುತ್ತಾರೆ, ಅದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಆ ವರ್ಷ ತೈವಾನಿನ ತೈತುಂಗ್ ಪಟ್ಟಣದಲ್ಲಿ ಮಕ್ಕಳ ವಿಜ್ಞಾನ ಸ್ಪರ್ಧೆ ಇತ್ತು. ಮೊದಲ ಮೂರರೊಳಗೆ ಬಂದರೆ ಪ್ರತಿಷ್ಠಾನದವರು ತರಗತಿಯನ್ನು ಇನ್ನೆರಡು ವರ್ಷ ನಡೆಸುತ್ತಾರೆ, ಬರದಿದ್ದರೆ ವರ್ಷದ ಕೊನೆಗೆ ಬೀಗ. ಮೇಷ್ಟ್ರು ಇದನ್ನು ಮಕ್ಕಳೆದುರಿಗೇ ಹೇಳಿದ. ಲಿಮಾಯ್ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಅವಳೇ ಒಂದು ಪ್ರಶ್ನೆ ತಂದಳು: ಒಣಗಿದ ಹಾರುಮೀನು ಮಳೆ ಬಂದ ದಿನ ಭಾರವಾಗುತ್ತದಲ್ಲ, ಎಷ್ಟು ಭಾರವಾಗುತ್ತದೆ? ಮೇಷ್ಟ್ರು ಕುಣಿದಾಡಿದ. ಒಂದೇ ಮೀನನ್ನು ದಿನವೂ ತೂಗಬೇಕು, ಸ್ಪರ್ಧೆಯ ನಿಯಮದ ಪ್ರಕಾರ ಮೂವತ್ತು ದಿನ, ಒಂದು ದಿನವೂ ತಪ್ಪಬಾರದು.

ಅವತ್ತೇ ಎಚ್ಚರಿಸಿದೆ. "ಮೇಷ್ಟ್ರೇ, ಮುಂದಿನ ತಿಂಗಳ ಹುಣ್ಣಿಮೆಗೆ ನಮ್ಮಲ್ಲಿ ಹಾರುಮೀನು ತಿಂದು ಮುಗಿಸೋ ದಿನ. ಅದು ದಾಟಿದ ಮೇಲೆ ಊರಲ್ಲಿ ಒಂದು ಬಾಲದ ತುಂಡೂ ಇರಬಾರದು. ಉಳಿದದ್ದನ್ನ ಎಸೀಲೇಬೇಕು."

ಅವನು ಫೋನ್ ನೋಡಿದ. "ಇನ್ನೂ ಬೇಕಾದಷ್ಟು ದಿನ ಇದೆ ಆಂಟಿ. ಮೂವತ್ತು ಆಗಿ ಆರು ಮಿಗತ್ತೆ."

ನಂತರ ಅವನು ಮಾಡಿದ್ದೇನು? ನಾನು ಹಂದಿಮಾಂಸ ತೂಗುವ ತಕ್ಕಡಿಯ ಮೇಲೆ ಹಾರುಮೀನು ಇಡಲು ಹೋದ. ಹಾರುಮೀನಿಗೆ ಪಾತ್ರೆ ಬೇರೆ, ತಟ್ಟೆ ಬೇರೆ ಎನ್ನುವುದು ನಮ್ಮ ಎಳೆಗೂಸಿಗೂ ಗೊತ್ತು. ತಕ್ಕಡಿಯನ್ನು ಕಿತ್ತುಕೊಂಡೆ. ಅವನು ಹೊಸದನ್ನು ತೈವಾನಿನಿಂದ ತರಿಸಿದ. ಗಾಳಿ ಜೋರಾಗಿ ಹಡಗು ಬರದೆ ಎಂಟು ದಿನ ಹೋಯಿತು. ಆಮೇಲೆ ಆ ಮಹಾಶಯ ಬೆರಳು ಮಡಿಸಿ ನೋಡಲೇ ಇಲ್ಲ. ಹುಣ್ಣಿಮೆಗೆ ಬಂದು ನಿಂತಾಗ ಇಪ್ಪತ್ತೆಂಟು ತೂಕಗಳಾಗಿದ್ದವು.

ಆ ದಿನ ಮನೆಮನೆಯಲ್ಲೂ ಕೊನೆಯ ಮೀನು ಬೇಯಿಸಿ ತಿಂದರು, ಮಿಕ್ಕಿದ್ದನ್ನು ಬಿಸಾಡಿದರು. ಮಧ್ಯಾಹ್ನ ನನ್ನ ಗಂಡನ ದೊಡ್ಡಪ್ಪ, ದೋಣಿಯ ಯಜಮಾನ ಸ್ಯಾಪೆನ್ ಮಾನೊಯೊ, ನಮ್ಮ ಜಗಲಿಗೆ ಬಂದು ಕೂತರು. ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಮಾತು ತೆಗೆದರು.

"ಭವನದಲ್ಲಿ ಇನ್ನೂ ಒಂದು ಮೀನು ಉಳಿದಿದೆಯಂತೆ."

"ಹೌದು ಮಾವ."

"ಬರೋ ವರ್ಷ ಮೀನು ಬರದೇ ಇದ್ರೆ ನಿಮ್ಮ ಮೇಷ್ಟ್ರು ತಂದುಕೊಡ್ತಾನಾ?"

"ನೀವು ಹೇಳ್ಬೇಕಾಗಿಲ್ಲ. ನಾನೇ ಹೊರಟಿದ್ದೆ."

"ಹೊರಟೋಳು ಇನ್ನೂ ಇಲ್ಲೇ ಕೂತಿದ್ದೀಯಲ್ಲ."

ಆ ಮಾತು ಚುಚ್ಚಿತು. ಎದ್ದು ಹೋದೆ. ಭವನದಲ್ಲಿ ಮೇಷ್ಟ್ರು, ಲಿಮಾಯ್ ಇಬ್ಬರೇ ಇದ್ದರು. ಬಲೆಯ ಮುಚ್ಚಳದ ಡಬ್ಬಿಯಲ್ಲಿ ಮೀನು ಕಪಾಟಿನ ಮೇಲಿತ್ತು. ನಾನು ಕುರ್ಚಿ ಎಳೆದುಕೊಂಡ ಕೂಡಲೇ ಇಬ್ಬರಿಗೂ ಅರ್ಥವಾಯಿತು.

"ಆಂಟಿ, ಎರಡೇ ದಿನ," ಎಂದ ಮೇಷ್ಟ್ರು. "ಯಾರಿಗೂ ಗೊತ್ತಾಗಲ್ಲ. ನನ್ನ ರೂಮಿನಲ್ಲಿ ಇಟ್ಕೋತೀನಿ."

"ನಿನ್ನ ರೂಮು ಊರಾಚೆ ಇದೆಯಾ?"

"ನಿಮ್ಮ ಮಗಳ ಭವಿಷ್ಯ ಇದು. ಒಂದು ಒಣಮೀನಿಗೋಸ್ಕರ ಹಾಳು ಮಾಡ್ತೀರಾ?"

"ಆ ಒಣಮೀನೇ ನನ್ನ ಮಗಳನ್ನ ಹನ್ನೊಂದು ವರ್ಷ ಸಾಕಿದ್ದು. ನೀನಲ್ಲ."

ಲಿಮಾಯ್ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಮ್ಮ, ಎರಡು ದಿನ ಅಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಮೂವತ್ತು ಆಗದಿದ್ರೆ ತಗೊಳ್ಳೋದೇ ಇಲ್ಲ ಅವರು."

ನಾನು ಅವಳ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಡಬ್ಬಿ ತೆಗೆದುಕೊಂಡು ಕಡಲಂಚಿನ ಬಂಡೆಗಳವರೆಗೆ ನಡೆದೆ. ಅವಳು ಹಿಂದೆಯೇ ಅಳುತ್ತಾ ಬಂದಳು. ಅವಳ ಕಣ್ಣೆದುರಿಗೇ ಮೀನನ್ನು ಎಸೆದೆ. ತಪ್ಪು ಮಾಡಿದೆ ಎಂದು ಅವತ್ತು ಅನಿಸಲಿಲ್ಲ.

ಅಂದಿನಿಂದ ಲಿಮಾಯ್ ನನ್ನೊಡನೆ ಮಾತು ಬಿಟ್ಟಳು. ತಟ್ಟೆ ಇಟ್ಟರೆ ಉಣ್ಣುವಳು, ಕರೆದರೆ ಬರುವಳು, ಬಾಯಿ ಮಾತ್ರ ತೆರೆಯಳು. ಮೂರು ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡೆ. ವಾರ ಕಳೆಯಿತು, ಎರಡು ವಾರ ಕಳೆಯಿತು. ನನ್ನ ಮೊಂಡುತನವೇ ಅವಳಿಗೂ ಬಂದಿದೆ, ಬೇರೆ ಯಾರನ್ನು ದೂರಲಿ? ಅಷ್ಟರಲ್ಲಿ ಸ್ಪರ್ಧೆಗೆ ನಮ್ಮ ಭವನದ ಹೆಸರೂ ಆಯ್ಕೆಯಾಗಿದೆ ಎಂದು ಸುದ್ದಿ ಬಂತು. ಇಪ್ಪತ್ತೆಂಟಕ್ಕೇ ಒಪ್ಪಿಕೊಂಡರೇನೋ ಎಂದುಕೊಂಡು ಒಳಗೊಳಗೇ ಹಗುರಾದೆ. ಮಗುವಿನ ಜೊತೆ ಮನೆಯವರೊಬ್ಬರು ಹೋಗಲೇಬೇಕಿತ್ತು. ನಾನೇ ಹೋದೆ.

ತೈತುಂಗಿನ ಸಭಾಂಗಣದಲ್ಲಿ ಮೇಷ್ಟ್ರು ಸುರುಳಿ ಸುತ್ತಿ ತಂದಿದ್ದ ದೊಡ್ಡ ಹಾಳೆಯನ್ನು ಬಿಡಿಸಿ ಗೋಡೆಗೆ ಅಂಟಿಸಿದ. ಚಂದವಾಗಿತ್ತು, ಸುಳ್ಳೇಕೆ ಹೇಳಲಿ. ದಿನಕ್ಕೊಂದು ಚುಕ್ಕೆ, ಚುಕ್ಕೆಗಳ ನಡುವೆ ಗೆರೆ. ಲಿಮಾಯ್ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ಮತ್ತೊಂದು ಸಲ ಎಣಿಸಿದಳು.

"ಮೂವತ್ತಿದೆ ಸರ್."

"ಹೂಂ."

"ನಾನು ತೂಗಿದ್ದು ಇಪ್ಪತ್ತೆಂಟು."

ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದ. "ಹಿಂದಿನ ದಿನಗಳನ್ನ ನೋಡಿ ಅಂದಾಜು ಹಾಕಿದ್ದೀನಿ. ಎರಡೇ ಚುಕ್ಕೆ. ಎಲ್ಲರೂ ಮಾಡ್ತಾರೆ."

"ಅಂದಾಜು ಅಂತ ಬರೆದಿಲ್ಲ."

"ಬರೆದ್ರೆ ನಮ್ಮನ್ನ ಬಾಗಿಲ ಒಳಗೂ ಬಿಡ್ತಿರಲಿಲ್ಲ. ತರಗತಿ ಬೇಕೋ ಬೇಡ್ವೋ ನಿಂಗೆ?"

ಎರಡು ವರ್ಷ ಮಕ್ಕಳ ಕಿವಿಯಲ್ಲಿ "ಕಂಡದ್ದನ್ನೇ ಬರೀರಿ, ಕಂಡದ್ದನ್ನೇ ಬರೀರಿ" ಎಂದು ಊದಿದ ಮನುಷ್ಯ ಇವನು. ಹೇಳೋದು ವೇದ, ಹಾಕೋದು ಗಾಳ. ಅಲ್ಲೇ ಕಾಲರ್ ಹಿಡಿದು ಜಾಡಿಸಬೇಕಿತ್ತು ನಾನು. ಜಾಡಿಸಲಿಲ್ಲ. ಮೀನು ಎಸೆದವಳು ನಾನು, ನನ್ನ ಮಗಳ ತರಗತಿಯ ಮೇಲೆ ಕಲ್ಲು ಹಾಕಿದವಳು ನಾನು, ಆ ಎರಡು ಸುಳ್ಳು ಚುಕ್ಕೆಗಳು ನನ್ನನ್ನೂ ಕಾಪಾಡುತ್ತಿದ್ದವು. ಅವಳ ಭುಜ ಹಿಡಿದು ಹೇಳಿದೆ: "ಸುಮ್ಮನಿರು ಮಗಳೇ. ಎರಡು ಚುಕ್ಕೆ ತಾನೆ." ಅವಳು ನನ್ನ ಮುಖ ನೋಡಿದ ರೀತಿಗೆ ಕೈ ತಾನಾಗಿ ಕೆಳಗಿಳಿಯಿತು.

ತೀರ್ಪುಗಾರರು ಮೂವರು. ಲಿಮಾಯ್ ಮೊದಲಿನಿಂದ ವಿವರಿಸಿದಳು, ಎಲ್ಲೂ ತಡವರಿಸಲಿಲ್ಲ. ಮಳೆಯ ದಿನ ಎಷ್ಟು ಏರಿತು, ಬಿಸಿಲಿಗೆ ಎಷ್ಟು ಇಳಿಯಿತು, ಎಲ್ಲ ಬಾಯಲ್ಲೇ ಇತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಮೇಷ್ಟ್ರ ಮುಖ ಅರಳಿತು. ಆಗ ಅವರಲ್ಲಿ ಕನ್ನಡಕದ ಹೆಂಗಸೊಬ್ಬಳು ಹಾಳೆಯ ತುದಿಗೆ ಪೆನ್ನು ತೋರಿಸಿದಳು.

"ಕೊನೇ ಎರಡು ದಿನ ನಿಮ್ಮ ದ್ವೀಪದಲ್ಲಿ ಚಂಡಮಾರುತದ ಮಳೆ ಇತ್ತಲ್ಲ. ತೂಕ ಯಾಕೆ ಏರಿಲ್ಲ?"

ಒಂದು ಸುಳ್ಳು ಸಾಕಾಗಿತ್ತು. ಮಳೆಗೆ ಡಬ್ಬಿಯನ್ನು ಭದ್ರವಾಗಿ ಮುಚ್ಚಿಟ್ಟಿದ್ದೆವು ಎಂದರೆ ಮುಗಿಯುತ್ತಿತ್ತು. ಮೇಷ್ಟ್ರು ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಮುಚ್ಚಳದ ಸನ್ನೆಯನ್ನೂ ಮಾಡಿದ. ನಾಚಿಕೆಯಿಲ್ಲದೆ ನಾನೂ ಮನಸ್ಸಿನಲ್ಲಿ ಹೇಳು, ಹೇಳು ಎಂದು ಬೇಡುತ್ತಿದ್ದೆ.

"ಆ ಎರಡು ದಿನ ಮೀನೇ ಇರಲಿಲ್ಲ," ಎಂದಳು ಲಿಮಾಯ್. "ಇಪ್ಪತ್ತೆಂಟನೇ ದಿನ ನಾವು ಎಸೆದ್ವಿ. ಆ ಎರಡು ಚುಕ್ಕೆ ಸುಳ್ಳು."

ನಾವು ಎಸೆದ್ವಿ ಎಂದಳು. ಅಮ್ಮ ಎಸೆದಳು ಎನ್ನಲಿಲ್ಲ.

"ಯಾಕೆ ಎಸೆದ್ರಿ?"

"ಅದು ತಿಂದು ಮುಗಿಸೋ ದಿನ. ಆಮೇಲೆ ಇಟ್ಕೋಬಾರದು."

ಅವಳ ಪಕ್ಕದ ತೀರ್ಪುಗಾರ ನಕ್ಕ. "ಇಂಥ ಮೂಢನಂಬಿಕೆಗೆ ವಿಜ್ಞಾನ ಬಲಿ ಕೊಟ್ರಾ?"

"ಮೂವತ್ತು ದಿನ ನಿಮ್ಮ ನಿಯಮ. ಹುಣ್ಣಿಮೆ ನಮ್ಮ ನಿಯಮ. ಎರಡೂ ಒಟ್ಟಿಗೆ ಆಗಲಿಲ್ಲ, ಅಷ್ಟೇ." ಲಿಮಾಯ್ ಕಣ್ಣು ತಗ್ಗಿಸಲಿಲ್ಲ.

ನಮ್ಮ ಹಾಳೆಯನ್ನು ಸ್ಪರ್ಧೆಯಿಂದ ತೆಗೆದರು. ಬಂದರಿನಲ್ಲಿ ಹಡಗಿನ ಟಿಕೆಟ್ ಕೈಗೆ ಕೊಡುತ್ತಾ ಮೇಷ್ಟ್ರು ಹೇಳಿದ, "ನಾನು ವಾಪಸ್ ಬರ್ತಿಲ್ಲ. ಪ್ರತಿಷ್ಠಾನದವರು ಫೋನ್ ಮಾಡಿದ್ರು. ತರಗತಿ ಇವತ್ತಿಗೇ ಮುಗೀತು. ತಾಯಿ ಮೀನು ಎಸೆದ್ಲು, ಮಗಳು ಉಳಿದದ್ದನ್ನೂ ಎಸೆದ್ಲು. ಸಂತೋಷ ತಾನೆ?"

"ಸುಳ್ಳು ಬರೆದೋನು ನೀನು," ಎಂದೆ. "ನನ್ನ ಮಗಳ ಹೆಸರಿನಲ್ಲಿ ಬರೆದೆ. ಮತ್ತೆ ನಮ್ಮೂರಿನ ಕಡೆ ತಲೆ ಹಾಕಿದ್ರೆ ನೋಡು." ಬಾಯಿಗೆ ಬಂದದ್ದೆಲ್ಲ ಅಂದೆ. ಅಂದು ಮುಗಿದ ಮೇಲೂ ಸಮಾಧಾನವಾಗಲಿಲ್ಲ.

ಹಡಗಿನಲ್ಲಿ ಲಿಮಾಯ್ ನನ್ನಿಂದ ಎರಡು ಸೀಟು ಬಿಟ್ಟು ಕೂತಳು. ಅಲೆ ಜೋರಾಗಿತ್ತು, ಸುತ್ತಲಿನವರು ವಾಂತಿಯ ಚೀಲ ಹಿಡಿದಿದ್ದರು. ಅರ್ಧ ದಾರಿಯಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಅಮ್ಮ. ಆ ದಿನ ದಾಟಿ ಮೀನು ಇಟ್ಕೊಂಡ್ರೆ ಏನಾಗತ್ತೆ?"

ಮೂರು ವಾರಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ಅವಸರದಲ್ಲೇ ಉತ್ತರ ಕೊಟ್ಟೆ. "ಬರೋ ವರ್ಷ ಮೀನು ಬರಲ್ಲ. ಇಟ್ಕೊಂಡ ಮನೇಲಿ ಕಾಯಿಲೆ ಬರತ್ತೆ."

"ಯಾರ ಮನೇಲಿ ಬಂದಿದೆ?"

"ಹಿಂದೆ ಬಂದಿರತ್ತೆ."

"ನೀನು ನೋಡಿದ್ದೀಯಾ?"

"ಇಲ್ಲ."

"ಸ್ಯಾಪೆನ್ ಮಾನೊಯೊ ನೋಡಿದ್ದಾರಾ?"

"ಅವರು ಯಾಕೆ ನೋಡ್ತಾರೆ? ನಮ್ಮೂರಲ್ಲಿ ಯಾರೂ ಇಟ್ಕೊಂಡಿದ್ದೇ ಇಲ್ಲ."

"ಯಾರೂ ಇಟ್ಕೊಂಡಿಲ್ಲ ಅಂದ್ರೆ ಯಾರೂ ನೋಡಿಲ್ಲ. ಇಲ್ಲದೇ ಇರೋ ಮೀನನ್ನ ಮೇಷ್ಟ್ರು ತೂಗಿದ್ರು. ನೀನೂ ಅದನ್ನೇ ಮಾಡ್ತಿದ್ದೀಯ."

ನನ್ನ ಕೈ ಮೇಲೆದ್ದಿತ್ತು. ಕೆನ್ನೆಗೆ ಬಾರಿಸುವವಳೇ ಇದ್ದೆ. ಅವಳು ಹಿಂದೆ ಸರಿಯಲಿಲ್ಲ, ಉತ್ತರಕ್ಕೆ ಕಾಯುತ್ತಾ ಕೂತಿದ್ದಳು.

"ಗೊತ್ತಿಲ್ಲ," ಎಂದೆ. "ನನಗೆ ಗೊತ್ತಿಲ್ಲ ಲಿಮಾಯ್."

ಮೂವರು ತೀರ್ಪುಗಾರರ ಮುಂದೆ ಗಟ್ಟಿಯಾಗಿ ನಿಂತಿದ್ದ ಮುಖ ಆಗ ಕುಸಿಯಿತು. "ನನ್ನ ತರಗತಿ ಹೋಯ್ತು ಅಮ್ಮ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಹತ್ತಿರ ಸರಿದು ತಲೆ ನೇವರಿಸಲು ಹೋದೆ. ಅವಳು ನನ್ನ ಕೈಯನ್ನು ತಳ್ಳಿದಳು. ನಮ್ಮ ಬಂದರು ಬರುವವರೆಗೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ.