ದೀಪದವ್ವನ ಚೀಲ

ಟ್ರ್ಯಾಕ್ಟರ್ ರಿಪೇರಿಯ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ತಾನಾಗಿಯೇ ನಿಲ್ಲುತ್ತಿತ್ತು. ತಗಡಿನ ಚಾವಣಿ ಕಾದು, ನೆಲದ ಮೇಲಿಟ್ಟ ಸ್ಪ್ಯಾನರ್ ಮುಟ್ಟಿದರೆ ಕೈ ಸುಡುವಂತಾದಾಗ ಮೆಕ್ಯಾನಿಕ್ ಬಾಗಿಲನ್ನು ಅರ್ಧ ಎಳೆದು, ಗ್ರೀಸ್ ಡಬ್ಬಗಳ ಮೇಲಿನ ಹಲಗೆಯಲ್ಲಿ ಕೂತಿದ್ದ ಟೀವಿಯ ಧೂಳು ಒರೆಸುತ್ತಿದ್ದ. ಟೀವಿಯ ಪಕ್ಕದಲ್ಲಿ ಆಟದ ಪೆಟ್ಟಿಗೆ, ಅದಕ್ಕೆ ಎರಡು ಕಂಟ್ರೋಲರ್. ಎಣ್ಣೆ ಕುಡಿದು ಕಪ್ಪಾದದ್ದು ಅವನದು. ಹಳೆಯ ದಿಂಬಿನ ಕವರಿನಲ್ಲಿ ಕೂಸಿನ ಹಾಗೆ ಸುತ್ತಿಟ್ಟದ್ದು ಚಿಕ್ಕಮ್ಮನದು. ಆ ಗಂಟು ಬಿಚ್ಚದೆ ವಾರದ ಮೇಲಾಗಿತ್ತು.

ಚಿಕ್ಕಮ್ಮ ಎಂದರೆ ಅವನ ತಾಯಿಯ ಕೊನೆಯ ತಂಗಿ. ಅವನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು ಅಷ್ಟೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕೊಡೆಯಲ್ಲಿ ನೆನೆದು ಬೆಳೆದವರು. ಈಗ ಶೆಡ್ಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವಳ ಸಸಿತೋಟ. ಲಿಂಬೆ, ದಾಳಿಂಬೆಗಳಿಗೆ ಕಸಿ ಕಟ್ಟಿ ಮಾರುವ ಅವಳ ಕೈಯಿಂದ ಹೋದ ಸಸಿ ಒಣಗಿತು ಅನ್ನುವ ಮಾತು ಸುತ್ತಿನಲ್ಲಿ ಯಾರೂ ಆಡಿದ್ದಿಲ್ಲ. ನಲವತ್ತು ದಾಟಿದ ಮೇಲೆ ವಿಡಿಯೋ ಗೇಮಿನ ಹುಚ್ಚು ಹತ್ತಿಸಿಕೊಂಡದ್ದು ಅವಳೇ ಮೊದಲು. ಅವನಿಗೂ ಹತ್ತಿಸಿದಳು.

ಆಟದ ಹೆಸರು ‘ಒಂಬತ್ತನೇ ಕಕ್ಷೆ’. ನಕ್ಷತ್ರಗಳ ನಡುವೆ ದಾರಿ ತಪ್ಪಿದ ದೊಡ್ಡದೊಂದು ಹಡಗು. ಅದರ ಕೋಣೆಗಳನ್ನು ಒಂದೊಂದಾಗಿ ಕತ್ತಲು ನುಂಗುತ್ತಾ ಬರುತ್ತದೆ. ಅದನ್ನು ತಡೆಯುವವರು ಇಬ್ಬರು. ಆಟದಲ್ಲಿ ಅವರಿಗೆ ನಾಲಿಗೆ ತಿರುಗದ ಹೆಸರುಗಳಿದ್ದವು. ಶೆಡ್ಡಿನಲ್ಲಿ ಅವರು ಉಕ್ಕಿನಜ್ಜ ಮತ್ತು ದೀಪದವ್ವ ಆದರು. ಉಕ್ಕಿನಜ್ಜ ಮುಕ್ಕಾಲು ಪಾಲು ಯಂತ್ರ, ಬಾಗಿಲು ಮುರಿಯುವವನು. ಅವನನ್ನು ಆಡಿಸುವುದು ಮೆಕ್ಯಾನಿಕ್ಕಿನ ಹಕ್ಕು. ದೀಪದವ್ವ ಅಂಗೈ ಬಿಡಿಸಿದರೆ ಬೆಳಕು. ಅವಳು ಚಿಕ್ಕಮ್ಮನವಳು. ಮೊದಲ ಭಾಗವನ್ನು ಇಬ್ಬರೂ ಒಂದು ಬೇಸಗೆ ಪೂರ್ತಿ ಆಡಿ ಮುಗಿಸಿ, ಎರಡನೆಯದು ಬರುವವರೆಗೆ ಮೂರು ವರ್ಷ ಬರೀ ಮಾತಿನಲ್ಲೇ ಆಡಿದ್ದರು.

ಆ ಮಾತಿಗೆ ಮೂರನೆಯವನೊಬ್ಬನಿದ್ದ. ಹಾಲಿನ ವ್ಯಾನ್ ಓಡಿಸುವವನು, ಎಲ್ಲರ ಬಾಯಲ್ಲೂ ‘ಆತುರ’. ಊಟ ಆತುರ, ಮಾತು ಆತುರ, ಮದುವೆಯೂ ಆತುರದಲ್ಲೇ ಆಗಿ, ಹೇಗೋ ಒಳ್ಳೆಯ ಹೆಂಡತಿ ಸಿಕ್ಕಿದ್ದಳು. ಅವನು ಮನೆಯಲ್ಲಿ ಅವಳ ಜೊತೆ ಆಡುತ್ತಿದ್ದ. ಡೈರಿಯಿಂದ ಖಾಲಿ ಕ್ಯಾನು ತರುವಾಗ ಶೆಡ್ಡಿನ ಮುಂದೆ ವ್ಯಾನ್ ನಿಲ್ಲಿಸಿ ವಾದ ಮಾಡುತ್ತಿದ್ದ. ಕತ್ತಲು ದೀಪದವ್ವನ ಅವಳಿ ತಂಗಿ ಎಂಬುದು ಅವನ ಹಳೆಯ ಸಿದ್ಧಾಂತ. ಒಬ್ಬಳು ಕೊಟ್ಟದ್ದನ್ನು ಇನ್ನೊಬ್ಬಳು ನುಂಗುತ್ತಾಳೆ, ಲೆಕ್ಕ ಸರಿ ಎನ್ನುತ್ತಿದ್ದ. ಹಾಗಾದರೆ ತಾಯಿ ಯಾರು ಎಂದು ಚಿಕ್ಕಮ್ಮ ಕೇಳಿದರೆ, ಅದು ಮೂರನೇ ಭಾಗದಲ್ಲಿ ಬರುತ್ತದೆ ಎಂದು ಜಾರಿಕೊಳ್ಳುತ್ತಿದ್ದ. ಉಕ್ಕಿನಜ್ಜನ ಮುಷ್ಟಿಗೆ ಅಷ್ಟು ಬಲ ಬಂದರೆ ಅವನ ಮೈ ಕಾಯದೆ ಹೇಗಿರುತ್ತದೆ ಎಂಬುದರ ಮೇಲೆ ಒಂದು ಮಧ್ಯಾಹ್ನ ಕಳೆದಿತ್ತು. ಮೆಕ್ಯಾನಿಕ್ ರೇಡಿಯೇಟರ್ ಒಂದನ್ನು ಬಿಚ್ಚಿ ನೆಲಕ್ಕಿಟ್ಟು, ಅಜ್ಜನ ಬೆನ್ನಿನ ಗೂನು ಇದೇ ಎಂದು ಸಾಧಿಸಿದ್ದ. ರೇಡಿಯೇಟರಿನ ಮಾಲೀಕ ಹೊರಗೆ ಕಾಯುತ್ತಾ ನಿಂತಿದ್ದ.

ಶೆಡ್ಡಿಗೆ ಒಂದು ಕಟ್ಟುಪಾಡಿತ್ತು. ಎಲ್ಲರಿಗಿಂತ ಹಿಂದೆ ಇರುವವರು ಎಲ್ಲಿದ್ದಾರೋ ಅಲ್ಲಿಯವರೆಗಿನ ಕಥೆಯನ್ನು ಮಾತ್ರ ಆಡಬೇಕು. ಮುಂದಿನದಕ್ಕೆ ಬಾಯಿ ಬಿಟ್ಟವನು ಶೆಡ್ ಗುಡಿಸಬೇಕು. ಆತುರ ಈಗಾಗಲೇ ಎರಡು ಸಲ ಗುಡಿಸಿದ್ದ.

ಎರಡನೇ ಭಾಗ ಬಂದಾಗ ಅದು ಮೊದಲು ಕೇಳಿದ ಪ್ರಶ್ನೆ, ಹಳೆಯ ಆಟದಲ್ಲಿ ಮಾಡಿದ್ದು, ಉಳಿಸಿದ್ದನ್ನೆಲ್ಲ ಜೊತೆಗೆ ತರುತ್ತೀರಾ ಎಂದು. ಹೊಸ ಮನೆಗೆ ಹಳೆಯ ಹಾಸಿಗೆ ತಂದ ಹಾಗೆ ಇಬ್ಬರೂ ಖುಷಿಯಿಂದ ಹೌದು ಒತ್ತಿದರು. ಆಮೇಲೆ ಶುರುವಾಯಿತು ತಕರಾರು. ಉಕ್ಕಿನಜ್ಜ ಒಂದೇ ಗುದ್ದಿಗೆ ಗೋಡೆ ಸೀಳುತ್ತಿದ್ದ. ದೀಪದವ್ವನ ಅಂಗೈಯಲ್ಲಿ ಮಿಣುಕುಹುಳದಷ್ಟು ಬೆಳಕು. ಕೈಗೆ ಊರುಗೋಲು ಬೇರೆ ಕೊಟ್ಟಿದ್ದರು.

ಚಿಕ್ಕಮ್ಮ ಎರಡು ದಿನ ಸುಮ್ಮನೆ ಆಡಿದಳು. ಮೂರನೆಯ ದಿನ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು, ಆಟ ಬರೆದವರಿಗೆ ಕಣ್ಣಿಲ್ಲ ಎಂದಳು. ಗಂಡಸಿಗೆ ವಯಸ್ಸಾದರೆ ಉಕ್ಕು ಗಟ್ಟಿಯಾಗುತ್ತದಂತೆ, ಹೆಂಗಸಿಗೆ ವಯಸ್ಸಾದರೆ ಕೈಗೆ ಕೋಲು ಬರುತ್ತದಂತೆ. ಇದು ಕಥೆಯೋ ಕುಚೋದ್ಯವೋ ಎಂದಳು. ಮೆಕ್ಯಾನಿಕ್ ಕಥೆಯ ಪರ ವಹಿಸಿದ. ಎರಡು ಭಾಗಗಳ ನಡುವೆ ಮೂವತ್ತು ವರ್ಷ ಕಳೆದಿದೆ, ಬ್ಯಾಟರಿ ಎಂದರೆ ಸವೆಯುತ್ತದೆ, ಅದು ಪ್ರಕೃತಿ ನಿಯಮ ಎಂದ. ಅವಳು ಎತ್ತಿನ ಹಾಗೆ ಏರಿಗೆ ಎಳೆದರೆ ಇವನು ಕೋಣನ ಹಾಗೆ ನೀರಿಗೆ ಎಳೆದ. ಕೊನೆಗೆ, ಗೆಲ್ಲಬೇಕೆಂಬ ಚಪಲದಲ್ಲಿ, ಅವನ ಬಾಯಿಂದ ಮಾತೊಂದು ಬಿತ್ತು.

“ನಿನ್ನನ್ನೇ ನೋಡ್ಕೋ. ಮುಂಚೆ ಒಂದು ಬೆಳಿಗ್ಗೆಗೆ ನೂರು ಕಸಿ ಕಟ್ತಿದ್ದೆ. ಈಗ ಮಣಿಕಟ್ಟು ನೋವು ಅಂತ ಮಧ್ಯಾಹ್ನಕ್ಕೇ ಚಾಕು ಇಟ್ಟು ಬರ್ತೀಯ.”

ಚಿಕ್ಕಮ್ಮ ಕಂಟ್ರೋಲರಿಗೆ ದಿಂಬಿನ ಕವರನ್ನು ನಿಧಾನವಾಗಿ ಸುತ್ತಿ, ಗಂಟು ಹಾಕಿ, ಹಲಗೆಯ ಮೇಲಿಟ್ಟು ಎದ್ದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೇಳಿದರೆ ಸಸಿಗಳಿಗೆ ನೀರು ಬಿಡುವುದಿದೆ ಎಂದು ಹೇಳಿ ಕಳಿಸುತ್ತಿದ್ದಳು. ನೀರು ಬಿಡುವುದು ಬೆಳಿಗ್ಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಮಧ್ಯಾಹ್ನಗಳು ಉದ್ದವಾದವು. ಮೆಕ್ಯಾನಿಕ್ ಒಬ್ಬನೇ ಟೀವಿ ಹಾಕಿ ನೋಡಿದ. ಉಕ್ಕಿನಜ್ಜ ಹಡಗಿನ ತಳದಲ್ಲಿ ಒಂದು ದೊಡ್ಡ ಬಾಗಿಲ ಮುಂದೆ ನಿಂತಿದ್ದ. ಅದಕ್ಕೆ ಎರಡು ಅಂಗೈ ಗುರುತು. ಒಂದರ ಮೇಲೆ ಅಜ್ಜ ಕೈಯಿಟ್ಟ. ಇನ್ನೊಂದರ ಪಕ್ಕದಲ್ಲಿ ದೀಪದವ್ವ ಕೋಲೂರಿಕೊಂಡು, ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಿದ್ದಳು. ದಿಂಬಿನ ಕವರು ಬಿಚ್ಚಿ ಇನ್ನೊಂದು ಕಂಟ್ರೋಲರನ್ನೂ ತಾನೇ ಒತ್ತಬಹುದಿತ್ತು. ಗಂಟಿನವರೆಗೆ ಕೈ ಹೋಯಿತು, ವಾಪಸು ಬಂತು. ಚಿಕ್ಕಮ್ಮನ ಗಂಟನ್ನು ಬೇರೆಯವರು ಬಿಚ್ಚಿದರೆ ಅವಳಿಗೆ ಗೊತ್ತಾಗಿಯೇ ಆಗುತ್ತಿತ್ತು. ಅಲ್ಲದೆ, ಅವಳಿಲ್ಲದೆ ಬಾಗಿಲು ತೆರೆದು ಒಳಗೆ ನೋಡುವುದಾದರೂ ಏನು ಎನಿಸಿತು.

ಆ ಹೊತ್ತಿಗೆ ಹೊರಗೆ ವ್ಯಾನ್ ನಿಂತಿತು. ಆತುರನ ಮುಖ ಸೋತಿತ್ತು.

ಒಳಗೆ ಬಂದವನೇ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡ. ಮೊದಲು ಗುಡಿಸಿಬಿಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದ. ಮೆಕ್ಯಾನಿಕ್ ಬೇಡವೆಂದರೂ ಕೇಳದೆ, ಬೋಲ್ಟು ನಟ್ಟುಗಳನ್ನೆಲ್ಲ ಒಂದೇ ರಾಶಿಗೆ ತಳ್ಳುತ್ತಾ ಹೇಳತೊಡಗಿದ. ಆ ಬಾಗಿಲಿನ ಹಿಂದೆ ಒಂದು ಪೆಟ್ಟಿಗೆ ಇದೆ. ಅವನೂ ಹೆಂಡತಿಯೂ ತೆರೆದಾಗ ಅದು ಖಾಲಿ. ಮುಂದೆ ಹೋದರು. ಹಡಗು ಕತ್ತಲ ಗ್ರಹವೊಂದಕ್ಕೆ ಇಳಿಯಿತು. ಅಲ್ಲಿ ಬರೀ ಮಣ್ಣು, ಬೆಳಕಿನ ಬೀಜ ಬಿತ್ತಬೇಕು ಎನ್ನುತ್ತದೆ ಆಟ. ಬೀಜ ಎಲ್ಲಿಂದ ತರುವುದು? ಅಲ್ಲಿಗೆ ಸಿಕ್ಕಿಹಾಕಿಕೊಂಡಿದ್ದಾರೆ.

“ಹೆಂಡ್ತಿ ಕೇಳ್ತಾಳೆ ಅಣ್ಣ, ಇದ್ದ ಬೀಜಾನೆಲ್ಲ ಯಾರು ಖಾಲಿ ಮಾಡಿದ್ದು ಅಂತ. ಎರಡು ದಿನದಿಂದ ಅದೇ ಕೇಳ್ತಿದಾಳೆ.”

“ಯಾವ ಬೀಜ?”

“ಮೊದಲನೇ ಭಾಗದ್ದು. ಸಿಕ್ಕಸಿಕ್ಕ ಗೋಡೆಗೆಲ್ಲ ನೆಟ್ಟುಬಿಟ್ಟಿದ್ದೆ. ನಮ್ಮ ದೀಪದವ್ವ ನೋಡಬೇಕು, ಸೂರ್ಯ ಇದ್ದಂಗಿದಾಳೆ. ಆದ್ರೆ ಏನು ಮಾಡೋದು, ಕೈಯಲ್ಲಿ ಬೀಜ ಇಲ್ಲ.”

ಮೆಕ್ಯಾನಿಕ್ಕಿಗೆ ಆ ಬೀಜಗಳು ನೆನಪಾದವು. ಮೊದಲ ಭಾಗದಲ್ಲಿ ಕತ್ತಲಾದ ಕೋಣೆಗಳಲ್ಲಿ ಹೊಳೆಯುವ ಬೀಜಗಳು ಸಿಗುತ್ತಿದ್ದವು. ಗೋಡೆಗೆ ಒಂದನ್ನು ನೆಟ್ಟರೆ ಕೋಣೆ ಬೆಳಗುತ್ತಿತ್ತು. ದೀಪದವ್ವನ ಪಕ್ಕದಲ್ಲಿ ಅವಳ ಬಲ ತೋರಿಸುವ ಸಣ್ಣದೊಂದು ಗೆರೆ ಕೂದಲೆಳೆಯಷ್ಟು ಬೆಳೆಯುತ್ತಿತ್ತು. ಆಗ ಅದರಿಂದ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ಗಮನಿಸಿರಲಿಲ್ಲ. ಆದರೆ ಬಿತ್ತನೆಯ ಬೀಜವನ್ನು ಹಸಿದರೂ ಮುಟ್ಟಬಾರದು ಎಂಬ ಮನೆಯಲ್ಲಿ ಹುಟ್ಟಿದವಳು ಚಿಕ್ಕಮ್ಮ. ತಡವಿಕೊಂಡು ನಡೆದರೂ ಸರಿ, ಗೋಡೆಗೆ ತಲೆ ಹೊಡೆದುಕೊಂಡರೂ ಸರಿ, ಒಂದು ಬೀಜ ನೆಡಲು ಕೈ ಬಾರದು. ಮುಂದೆ ಬೇಕಾಗುತ್ತೆ ಕಣೋ ಎಂದು ಚೀಲಕ್ಕೆ ಹಾಕುತ್ತಿದ್ದಳು. ಆಟ ಮುಗಿದಾಗ ಚೀಲ ಬಿರಿಯುವ ಹಾಗಿತ್ತು.

ಹಾಗಾದರೆ ದೀಪದವ್ವನ ಬಲ ಕುಂದಿದ್ದು ಬರೆದವರ ಕುರುಡಿನಿಂದಲ್ಲ. ಮೂವತ್ತು ವರ್ಷದ ಸವೆತವೂ ಅಲ್ಲ. ಚಿಕ್ಕಮ್ಮನ ಜಿಪುಣತನ.

ವಾದ ಗೆಲ್ಲುವ ತುತ್ತು ಇಷ್ಟು ಚೆನ್ನಾಗಿ ಬೆಂದು ಕೈಗೆ ಸಿಕ್ಕಿದ್ದು ಅವನ ಆಯುಷ್ಯದಲ್ಲೇ ಮೊದಲು. ಅಂಗಿ ಕೊಡವಿಕೊಂಡು ಎದ್ದ. ಆತುರ ಹಿಂದೆಯೇ ಹೊರಟ. ನೀನು ಮೊದಲು ಆ ಬೋಲ್ಟುಗಳನ್ನು ಬೇರೆ ಮಾಡು ಎಂದು ಅವನನ್ನು ಅಲ್ಲೇ ಕೂರಿಸಿ ಬಂದ. ದಾರಿಯುದ್ದಕ್ಕೂ ಮಾತನ್ನು ಮಸೆದುಕೊಂಡ. ಮೊದಲು ಸೂರ್ಯನಂಥ ದೀಪದವ್ವನ ಸುದ್ದಿ ಹೇಳಬೇಕು, ಅವಳು ಬಾಯಿ ಬಿಟ್ಟು ಕೇಳಬೇಕು, ಆಮೇಲೆ ಮೆಲ್ಲಗೆ ಚೀಲದ ವಿಷಯ ತೆಗೆಯಬೇಕು.

ಸಸಿತೋಟದ ನೆರಳುಬಲೆಯ ಕೆಳಗೆ ಚಿಕ್ಕಮ್ಮ ಗೋಣಿಯ ಮೇಲೆ ಕೂತಿದ್ದಳು. ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಮುಂದೆ ಲಿಂಬೆ ಸಸಿಗಳ ಸಾಲು. ಬುಡದ ಕಾಂಡ ಸೀಳಿ, ಅದರೊಳಗೆ ಚೂಪು ಮಾಡಿದ ಕುಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಸುತ್ತುತ್ತಿದ್ದಳು. ಎರಡು ಸುತ್ತು ಬರುವಷ್ಟರಲ್ಲಿ ಪಟ್ಟಿ ಜಾರಿ, ಕುಡಿ ಕೆಳಗೆ ಬಿತ್ತು. ಎತ್ತಿ, ಊದಿ, ಮತ್ತೆ ಕೂರಿಸಿದಳು. ಅವನು ಬಂದದ್ದನ್ನು ನೋಡಿಯೂ ನೋಡದ ಹಾಗಿದ್ದಳು.

ಮಸೆದುಕೊಂಡು ಬಂದ ಮಾತು ಮೊಂಡಾಯಿತು. ಅವಳೆದುರು ಕುಕ್ಕರುಗಾಲಲ್ಲಿ ಕೂತು, ಕಸಿಯ ಗಂಟನ್ನು ಎರಡು ಬೆರಳಲ್ಲಿ ಹಿಡಿದ. ಅವಳು ಅವನ ಕೈಗಳನ್ನೊಮ್ಮೆ ನೋಡಿದಳು.

“ಗ್ರೀಸ್ ಇದೆಯಾ?”

“ತೊಳ್ಕೊಂಡು ಬಂದಿದೀನಿ.”

ಅದು ಸುಳ್ಳು. ಅವಳು ಸೆರಗಿನ ತುದಿಯಿಂದ ಅವನ ಬೆರಳುಗಳನ್ನು ಒರೆಸಿ, ಪಟ್ಟಿ ಸುತ್ತಿದಳು. ಒಂದಾಯಿತು. ಎರಡಾಯಿತು. ನಾಲ್ಕನೆಯದೋ ಐದನೆಯದೋ ಸಸಿ ಹಿಡಿದಿದ್ದಾಗ ಅವನು ತಲೆ ಎತ್ತದೆ ಹೇಳಿದ.

“ಅವತ್ತು ನಾನಾಡಿದ್ದು ಆಟದ ಮಾತಲ್ಲ ಚಿಕ್ಕಮ್ಮ. ತಪ್ಪಾಯ್ತು.”

“ಗೊತ್ತು. ಆಟದ ಮಾತಾಗಿದ್ರೆ ಎರಡು ಬಾರಿಸಿ ಅಲ್ಲೇ ಕೂತಿರ್ತಿದ್ದೆ.” ಅವಳು ಗಂಟು ಬಿಗಿದಳು. “ಈ ಕೈ ನೋಡಿದಾಗೆಲ್ಲ ನಿನ್ನ ಮಾತೇ ನೆನಪಾಗ್ತಿತ್ತು. ಆ ದೀಪದವ್ವನ ಕೋಲು ನೋಡಿದ್ರೂ ಅಷ್ಟೆ. ಎಲ್ಲರೂ ಸೇರಿ ನನಗೇ ಹೇಳ್ತಿದೀರಿ ಅನ್ನಿಸ್ತು.”

ಆಗ ಅವನು ಆತುರನ ಕಥೆಯನ್ನು ಹೇಳಿದ. ಗೆಲ್ಲುವವನ ಹಾಗಲ್ಲ, ಯಾವುದೋ ಇಂಜಿನ್ನಿನ ತೊಂದರೆಯನ್ನು ಮಾಲೀಕನಿಗೆ ವಿವರಿಸುವ ಹಾಗೆ. ನೆಟ್ಟರೆ ಅವಳ ಬಲ ಬೆಳೆಯುತ್ತಿತ್ತು, ನೆಡದಿದ್ದರಿಂದ ಬೆಳೆಯಲಿಲ್ಲ, ಅಷ್ಟೆ. ಮುಂದಿನ ಕಥೆ ಹೇಳಿದ್ದಕ್ಕೆ ನಾಳೆ ಶೆಡ್ ಗುಡಿಸುವುದು ತನ್ನ ಪಾಳಿ ಎಂದೂ ಸೇರಿಸಿದ.

ಚಿಕ್ಕಮ್ಮ ಚಾಕುವನ್ನು ಗೋಣಿಗೆ ಒರೆಸುತ್ತಾ ಯೋಚಿಸಿದಳು.

“ಹಾಗಾದ್ರೆ ಬರೆದವರ ತಪ್ಪಲ್ಲ.”

“ಅಲ್ಲ.”

“ವಯಸ್ಸೂ ಅಲ್ಲ.”

“ವಯಸ್ಸೂ ಅಲ್ಲ. ನಾನೇ ಸುಮ್ಮನೆ ಬ್ಯಾಟರಿ ಬ್ಯಾಟರಿ ಅಂದೆ.”

ಅವಳ ಮುಖದ ಮೇಲೆ ನಗು ಬಂತು ಎನ್ನುವಂತಿರಲಿಲ್ಲ. ಬಿಸಿಲು ಸ್ವಲ್ಪ ಸರಿದ ಹಾಗಾಯಿತು. ಆಮೇಲೆ ಅವಳು ಕೇಳಿದ ಪ್ರಶ್ನೆ, ದಾರಿಯುದ್ದಕ್ಕೂ ಯೋಚಿಸುತ್ತಾ ಬಂದ ಅವನಿಗೂ ಹೊಳೆದಿರಲಿಲ್ಲ.

“ನೆಡಲಿಲ್ಲ ಸರಿ. ಹಾಗಾದ್ರೆ ನನ್ನ ಚೀಲ ಎಲ್ಲಿ?”

ಮೆಕ್ಯಾನಿಕ್ ಒಂದೊಂದನ್ನೇ ಜೋಡಿಸಿ ನೋಡಿದ. ಆ ಬಾಗಿಲು, ಎರಡು ಅಂಗೈ, ಆತುರನ ಖಾಲಿ ಪೆಟ್ಟಿಗೆ. ಚಿಕ್ಕಮ್ಮ ಆಗಲೇ ಎದ್ದು ಸೆರಗು ಕೊಡವಿ, ಕಟ್ಟಿದ ಸಸಿಗಳನ್ನು ನೆರಳಿನ ಒಳಕ್ಕೆ ಸರಿಸುತ್ತಿದ್ದಳು. ಕೂತೇ ಇರ್ತೀಯೋ ಬರ್ತೀಯೋ ಎಂದಳು.

ಶೆಡ್ಡಿನಲ್ಲಿ ಆತುರ ಬೋಲ್ಟುಗಳನ್ನು ಬೇರೆ ಮಾಡುವ ಬದಲು ಟೀವಿಯ ಮುಂದೆ ಡಬ್ಬ ಬೋರಲು ಹಾಕಿ ಕೂತಿದ್ದ. ಚಿಕ್ಕಮ್ಮ ಗಂಟನ್ನು ಮೊದಲು ಪರೀಕ್ಷಿಸಿದಳು. ತನ್ನದೇ ಗಂಟು. ಬಿಚ್ಚಿದಳು. ಬಲಗೈ ನೋಯುತ್ತಿದ್ದರಿಂದ ಕಂಟ್ರೋಲರನ್ನು ಮಂಡಿಗೆ ಆನಿಸಿ ಎಡಗೈಯಿಂದ ಒತ್ತಿದಳು. ದೀಪದವ್ವ ಕೋಲು ಊರಿ ಎರಡು ಹೆಜ್ಜೆ ಮುಂದೆ ಬಂದು, ಅಜ್ಜನ ಕೈಯ ಪಕ್ಕ ಕೈಯಿಟ್ಟಳು.

ಬಾಗಿಲು ಸರಿಯಿತು. ಪೆಟ್ಟಿಗೆಯ ಮುಚ್ಚಳ ತಾನಾಗಿಯೇ ಎದ್ದಿತು. ಟೀವಿಯಿಂದ ಹೊಮ್ಮಿದ ಬೆಳಕಿಗೆ ಅರೆಗತ್ತಲಿನ ಶೆಡ್ಡಿನಲ್ಲಿ ಗ್ರೀಸ್ ಡಬ್ಬಗಳು, ಗೋಡೆಗೆ ನೇತುಹಾಕಿದ ಬೆಲ್ಟುಗಳು, ಮೂವರ ಮುಖಗಳು ಬೆಳ್ಳಗಾದವು. ಬೀಜಗಳು ಪೆಟ್ಟಿಗೆ ತುಂಬಿ, ಅಂಚು ದಾಟಿ, ಹಡಗಿನ ನೆಲದ ಮೇಲೆ ಉರುಳುತ್ತಲೇ ಇದ್ದವು.

ಆತುರ ತುಂಬ ಹೊತ್ತು ಮಾತಾಡಲಿಲ್ಲ. ಅವನ ಮಟ್ಟಿಗೆ ಅದು ಪವಾಡ.

“ಚಿಕ್ಕಮ್ಮ,” ಎಂದ ಕೊನೆಗೆ, “ನಮ್ಮ ಆಟಕ್ಕೆ ಒಂದು ಹಿಡಿ ಸಾಲ ಕೊಡೋಕೆ ಬರುತ್ತಾ?”

“ಬಂದಿದ್ರೂ ನಿನಗೆ ಕೊಡ್ತಿರಲಿಲ್ಲ. ನಿನ್ನ ಹೆಂಡ್ತೀನ ಕಳಿಸು.”

ಹಡಗು ಕತ್ತಲ ಗ್ರಹಕ್ಕೆ ಇಳಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹೊರಗೆ ಯಾರೋ ಟ್ರ್ಯಾಕ್ಟರಿನ ಹಾರ್ನ್ ಒತ್ತಿದರು. ಮೆಕ್ಯಾನಿಕ್ ಎದ್ದು ಹೋಗಿ, ಭಾರಿ ಕೆಲಸದಲ್ಲಿದ್ದೇನೆ, ಸ್ವಲ್ಪ ತಡೆಯಿರಿ ಎಂದು ಹೇಳಿ ಬಂದ. ಉಕ್ಕಿನಜ್ಜ ಮುಷ್ಟಿಯಿಂದ ನೆಲ ಒಡೆದ. ಸಾಲು ಮೂಡಿತು. ಹಿಂದೆಯೇ ದೀಪದವ್ವ ಒಂದೊಂದಾಗಿ ಬಿತ್ತುತ್ತಾ ನಡೆದಳು. ಹೆಜ್ಜೆಗೊಂದು ಬೀಜ, ಬೀಜಕ್ಕೊಂದು ಬೆಳಕಿನ ಮೊಳಕೆ. ಪಕ್ಕದ ಗೆರೆ ಇಂಚಿಂಚಾಗಿ ಏರಿತು. ಅರ್ಧ ಹೊಲ ಆಗುವಾಗ ಅವಳು ಕೋಲು ಬಿಟ್ಟಳು. ಮೂವರೂ ಅದನ್ನು ನೋಡಿದರು.

ಅಲ್ಲಿಗೆ ಚಿಕ್ಕಮ್ಮ ನಿಲ್ಲಿಸಿದಳು. ಚೀಲದಲ್ಲಿ ಇನ್ನೂ ಅರ್ಧ ಉಳಿದಿತ್ತು.

“ಬಿತ್ತು ಚಿಕ್ಕಮ್ಮ, ಇನ್ನೂ ಹೊಲ ಇದೆ,” ಎಂದ ಮೆಕ್ಯಾನಿಕ್.

ಅವಳು ಚೀಲದ ಬಾಯಿ ಕಟ್ಟುವ ಗುಂಡಿ ಯಾವುದೆಂದು ಹುಡುಕುತ್ತಿದ್ದಳು.

“ಸುಮ್ನಿರೋ. ಮೂರನೇ ಭಾಗ ಬರುತ್ತಲ್ಲ.”